ಕೆಜಿಎಫ್‌ನಿಂದ ನರಸಾಪುರಕ್ಕೆ ಪಾಳಿ ಬಸ್ ಬೇಕು

ಮಾನ್ಯರೇ,

ಕೋಲಾರ ಜಿಲ್ಲೆಯ ಪಶ್ಚಿಮ ಭಾಗದ ನರಸಾಪುರ, ವೇಮಗಲ್, ಮಾಲೂರಿನಲ್ಲಿ ಕಾರ್ಖಾನೆಗಳು ಎದ್ದು ನಿಂತಿದ್ದರೂ ಪೂರ್ವದ ಕೆಜಿಎಫ್ ಯುವಜನರಿಗೆ ಆ ಉದ್ಯೋಗಗಳು ಇನ್ನೂ ದೂರವೇ ಉಳಿದಿವೆ.

2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಇಲ್ಲಿನವರಿಗೆ ಅನ್ನದ ದಾರಿ ಎಂದರೆ ಬೆಂಗಳೂರಿನ ರೈಲು. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ ನಿಲ್ದಾಣಗಳಲ್ಲಿ ಬೆಳಕು ಹರಿಯುವ ಮುನ್ನವೇ ಊಟದ ಡಬ್ಬಿ ಹಿಡಿದು ನಿಂತವರನ್ನು ನೋಡಿದರೆ ಕರುಳು ಚುರುಕ್ ಎನ್ನುತ್ತದೆ. ಮಕ್ಕಳು ಏಳುವ ಮೊದಲೇ ಮನೆ ಬಿಡುವ ಇವರು ಮರಳುವುದು ಅವರು ಮಲಗಿದ ಮೇಲೆ. ನರಸಾಪುರ ಬೆಂಗಳೂರಿನ ಅರ್ಧದಷ್ಟು ದೂರದಲ್ಲಿದೆ. ಆದರೆ ಅದು ಹೆದ್ದಾರಿಯ ಊರು, ರೈಲು ಮಾರ್ಗ ಅಲ್ಲಿಗೆ ಹೋಗುವುದಿಲ್ಲ. ನನ್ನ ಅಣ್ಣನ ಮಗಳು ಅಲ್ಲಿ ಸಿಕ್ಕ ಕೆಲಸವನ್ನು ಮೂರೇ ತಿಂಗಳಲ್ಲಿ ಬಿಟ್ಟಳು. ಸಂಬಳ ಸಾಲದೆ ಅಲ್ಲ, ರಾತ್ರಿ ಪಾಳಿ ಮುಗಿಸಿ ಊರು ಸೇರುವ ದಾರಿಯಿಲ್ಲದೆ.

ಮಾಲೂರಿನ ಗಡಿಯಾಚೆ ತಮಿಳುನಾಡಿನ ಹೊಸೂರು 1970ರ ದಶಕದಿಂದಲೇ ಕೈಗಾರಿಕಾ ನಗರವಾಗಿ ಬೆಳೆಯಿತು. ಅಶೋಕ್ ಲೇಲ್ಯಾಂಡ್, ಟಿವಿಎಸ್‌ನಂತಹ ಕಂಪನಿಗಳು ಅಲ್ಲಿ ನೆಲೆಯೂರಿ, ಅವುಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಘಟಕಗಳೂ ಸುತ್ತಲೂ ಹುಟ್ಟಿಕೊಂಡವು. ಕೆಜಿಎಫ್‌ನಲ್ಲಿಯೂ ಭಾರೀ ಯಂತ್ರಗಳನ್ನು ತಯಾರಿಸುವ ಬೆಮೆಲ್ ಕಾರ್ಖಾನೆ ಇದೆ, ಯಂತ್ರದ ಕೆಲಸ ಬಲ್ಲ ಕೈಗಳಿವೆ. ಆದರೂ ಅಂತಹ ಬೆಳವಣಿಗೆ ಇಲ್ಲಿಗೆ ಒಲಿಯಲಿಲ್ಲ.

ಹೊಸ ಕೈಗಾರಿಕೆ ಬರಲು ವರ್ಷಗಳೇ ಬೇಕು, ಬಸ್ ಬರಲು ಬೇಕಿಲ್ಲ. ಕೆಎಸ್‌ಆರ್‌ಟಿಸಿಯು ಕಾರ್ಖಾನೆಗಳ ಪಾಳಿ ಸಮಯಕ್ಕೆ ಹೊಂದುವಂತೆ ಕೆಜಿಎಫ್‌ನಿಂದ ಬಂಗಾರಪೇಟೆ, ಕೋಲಾರ ಮಾರ್ಗವಾಗಿ ನರಸಾಪುರಕ್ಕೆ ನೇರ ಬಸ್‌ಗಳನ್ನು ಓಡಿಸಬೇಕು. ರಾತ್ರಿ ಪಾಳಿಯ ಬಸ್‌ನಿಂದಲೇ ಇದು ಆರಂಭವಾಗಲಿ.

– ನಿವೃತ್ತ ಶಿಕ್ಷಕ, ರಾಬರ್ಟ್‌ಸನ್‌ಪೇಟೆ, ಕೆಜಿಎಫ್