ಕೊಂಬೆ ಮುರಿಯಲು ಹೆದರುವ ಮೇದಿನಿಗೆ

ಚಿರಂಜೀವಿ ಮೇದಿನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ಕಾಡಿನಲ್ಲಿ ಕೊಂಬೆಗಳಿಂದ ಕಲಾಕೃತಿ ಕಟ್ಟಲು ನೀನು ಹೋಗಿರುವ ಇಟಲಿಯ ಆ ಸೆಲ್ಲಾ ಕಣಿವೆಯ ವರ್ಣನೆ, ಜೊತೆಯ ಕಲಾವಿದರ ವಿಚಾರ, ಊಟದ ಬಗೆಗಿನ ನಿನ್ನ ದೂರು ಎಲ್ಲವನ್ನೂ ಸಂತೋಷದಿಂದ ಓದಿದೆ. ಆದರೆ ಕೊನೆಯ ಪುಟದಲ್ಲಿ "ಒಂದು ಕೊಂಬೆ ಮುರಿದರೂ ಕದ್ದಂತೆ ಅನ್ನಿಸುತ್ತದೆ, ನಾನು ಬಾರದೆ ಇದ್ದಿದ್ದರೇ ಈ ಕಾಡಿಗೆ ಒಳ್ಳೆಯದಾಗುತ್ತಿತ್ತು" ಎಂದು ಬರೆದಿದ್ದೀಯಲ್ಲ, ಆ ಮಾತು ನನ್ನನ್ನು ಬಿಡುತ್ತಿಲ್ಲ. ಕೈಯಲ್ಲಿ ವಿದ್ಯೆಯಿರುವವಳು ಹೀಗೆ ಯೋಚಿಸತೊಡಗಿದರೆ ಮುಂದೆ ಯಾವುದನ್ನೂ ಮುಟ್ಟಲಾರಳೇನೋ ಎಂಬ ಭಯ ನನಗೆ.

ನಿನ್ನ ಅಳುಕು ಪೂರ್ತಿ ಹುಸಿಯೆಂದು ನಾನು ವಾದಿಸುವುದಿಲ್ಲ. ಪರಿಸರ ಕಲೆಯ ಹೆಸರಿನಲ್ಲಿ ಹಳ್ಳದ ಕಲ್ಲುಗಳನ್ನೆಲ್ಲ ಎತ್ತಿ ಪೇರಿಸಿ, ಅವುಗಳ ಅಡಿಯಲ್ಲಿದ್ದ ಹುಳುಹುಪ್ಪಟೆಗಳನ್ನು ಬೀದಿಪಾಲು ಮಾಡಿ, ಫೋಟೊ ತೆಗೆದುಕೊಂಡು ಹೊರಡುವವರೂ ಇದ್ದಾರೆ. ಆದರೆ ನೀನಿರುವುದು ಮನುಷ್ಯರ ಕೈ ಸೋಕದ ಕಾಡೇನೂ ಅಲ್ಲವಲ್ಲ. ನಿನ್ನ ಕಣಿವೆಯ ಪರಿಸರ ಕಲೆಯ ತಾಣವಾದ ಆರ್ಟೆ ಸೆಲ್ಲಾದ ಕೃತಿಗಳು ನಿಂತಿರುವ ಮಾಲ್ಗಾ ಕೋಸ್ತಾ ಹಿಂದೆ ದನ ಮೇಯಿಸುವವರು ಬೇಸಿಗೆಯಲ್ಲಿ ಬಂದು ತಂಗುತ್ತಿದ್ದ ಜಾಗ. 1986ರಲ್ಲಿ ಆ ಕಣಿವೆಯಲ್ಲಿ ಕಲೆಯ ಕೆಲಸ ಶುರುವಾಗುವುದಕ್ಕೆ ಎಷ್ಟೋ ಮೊದಲೇ ಕೊಡಲಿ, ಕುಡುಗೋಲು, ಹಸುವಿನ ಗೊರಸು ಎಲ್ಲವೂ ಆ ನೆಲವನ್ನು ಕಂಡಿವೆ. ಇಟಲಿಯ ಕಲಾವಿದ ಜೂಲಿಯಾನೊ ಮೌರಿ 2001ರಲ್ಲಿ ಕಟ್ಟಿದ ಮರಗಳ ದೇಗುಲದ ಚಿತ್ರವನ್ನು ನೀನೇ ಕಳಿಸಿದ್ದೆ. ಕೊಂಬೆಗಳನ್ನು ಹೆಣೆದು ಮಾಡಿದ 80 ಕಂಬಗಳು, ಪ್ರತಿ ಕಂಬದ ಒಳಗೊಂದು ಹಾರ್ನ್‌ಬೀಮ್ ಎಂಬ ಮರದ ಸಸಿ. ಹೆಣಿಗೆ ಕೊಳೆತು ಉದುರುವ ಹೊತ್ತಿಗೆ ಒಳಗಿನ ಮರವೇ ಕಂಬವಾಗಿ ನಿಲ್ಲಬೇಕೆಂಬುದು ಅವರ ಎಣಿಕೆ. ಆತನೂ ಕೊಂಬೆ ಕಡಿದೇ ಕಟ್ಟಿದ್ದು, ಆದರೆ ಕಡಿದದ್ದಕ್ಕೆ ಅಲ್ಲಿಯೇ ಲೆಕ್ಕ ಒಪ್ಪಿಸಿದ್ದಾರೆ. ನಿನ್ನ ಪ್ರಶ್ನೆಗೆ ನನಗಿಂತ ಚೆನ್ನಾಗಿ ಅವರ ಆ ಕೃತಿಯೇ ಉತ್ತರಿಸೀತು.

ನನಗೆ ನಿನ್ನ ಮಾತು ಇಷ್ಟು ನಾಟಿದ್ದಕ್ಕೆ ಬೇರೆ ಕಾರಣವೂ ಇದೆ. ಅಪ್ಪಯ್ಯ ತೋಟದ ಗೊಬ್ಬರಕ್ಕೆ ಸೊಪ್ಪು ಕಡಿಯುವ ನಮ್ಮ ಸೊಪ್ಪಿನ ಬೆಟ್ಟದಲ್ಲಿ ಮತ್ತಿ ಮರ ಹತ್ತುವುದನ್ನು ನಾನು ಕೆಳಗೆ ನಿಂತು ನೋಡುತ್ತಿದ್ದೆ. ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಹತ್ತಿ, ಕೊಂಬೆಯ ಕೆಳಭಾಗಕ್ಕೆ ಮೊದಲು ಒಂದು ಸಣ್ಣ ಕಚ್ಚು ಹಾಕಿ, ಆಮೇಲೆ ಮೇಲಿನಿಂದ ಕಡಿಯುತ್ತಿದ್ದರು. ಹಾಗೆ ಮಾಡದಿದ್ದರೆ ಕೊಂಬೆ ತನ್ನ ಭಾರಕ್ಕೆ ಬೀಳುವಾಗ ಕಾಂಡದ ತೊಗಟೆಯನ್ನೂ ಸೀಳಿಕೊಂಡು ಇಳಿಯುತ್ತದೆ. ನೆತ್ತಿಯ ಕುಡಿಯನ್ನು ಎಂದೂ ಮುಟ್ಟುತ್ತಿರಲಿಲ್ಲ. ಒಮ್ಮೆ ನನ್ನನ್ನು ಹತ್ತಲು ಕರೆದಾಗ, ಮರಕ್ಕೆ ನೋವಾಗುತ್ತದೆ ಎಂದುಬಿಟ್ಟೆ. ಅವರು ನಕ್ಕರು, ಮತ್ತೆಂದೂ ಕರೆಯಲಿಲ್ಲ. ನಾನು ಚಿತ್ರದ ಮೇಷ್ಟ್ರಾಗಿ ಕಾಡನ್ನು ದೂರದಿಂದ ಜಲವರ್ಣದಲ್ಲಿ ಬರೆಯುತ್ತ ಆಯುಷ್ಯ ಕಳೆದೆ. ಕತ್ತಿ ಎಲ್ಲಿಗೆ ಬೀಳಬೇಕೆಂಬ ಅವರ ತಿಳಿವಳಿಕೆ ಅವರೊಂದಿಗೇ ಹೋಯಿತು ಎಂಬ ಕೊರಗು ಈ ವಯಸ್ಸಿನಲ್ಲಿ ಹೆಚ್ಚುತ್ತಿದೆ. ಈಗ ಆ ಬೆಟ್ಟಕ್ಕೆ ಯಾರೂ ಹೋಗುವುದಿಲ್ಲ. ಅಂಚಿನಿಂದ ಲಂಟಾನ ಒಳಗೆ ನುಗ್ಗಿದೆ. ನೀನು ಬಯಸುವ, ಯಾರೂ ಬಾರದ ಕಾಡು ಅಲ್ಲಿದೆ ಮಗಳೇ, ಆದರೆ ಅದನ್ನು ನೋಡಿದರೆ ನನಗೆ ಸಮಾಧಾನವಾಗುವುದಿಲ್ಲ.

1983ರಲ್ಲಿ ಅಪ್ಪಿಕೋ ಚಳವಳಿಯಲ್ಲಿ ಶಿರಸಿ ಬಳಿಯ ಸಲ್ಕಣಿಯ ಕಡೆ ಜನ ಮರಗಳನ್ನು ಅಪ್ಪಿಕೊಂಡು ಕಡಿಯುವವರನ್ನು ತಡೆದರಲ್ಲ, ಅವರ ಘೋಷಣೆ "ಉಳಿಸು, ಬೆಳೆಸು, ಬಳಸು" ಎಂದಿತ್ತು. ಮರಕ್ಕಾಗಿ ಮೈಯೊಡ್ಡಿದವರೂ ಬಳಸುವುದನ್ನು ಪಾಪವೆಂದು ಬಗೆದಿರಲಿಲ್ಲ. ಕೊಂಬೆಯನ್ನು ಮುಟ್ಟಿದ್ದೇ ತಪ್ಪೆಂದು ನಿನಗೆ ಯಾರು ಕಲಿಸಿದರೋ ತಿಳಿಯದು. ನಾನೇ ಕಲಿಸಿದೆನೋ ಏನೋ.

ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ, ಆದರೂ ಒಂದೆರಡು ಮಾತು ಹೇಳುತ್ತೇನೆ, ಬೇಡವೆನಿಸಿದರೆ ಬಿಟ್ಟುಬಿಡು. 2018ರ ಅಕ್ಟೋಬರ್ ಕೊನೆಯಲ್ಲಿ ವಾಯಾ ಬಿರುಗಾಳಿ ನೀನಿರುವ ಸೀಮೆಯ ಮರಗಳನ್ನು ಲಕ್ಷಗಟ್ಟಲೆ ಕೆಡವಿತು, ಆಮೇಲೆ ತೊಗಟೆ ಕೊರೆಯುವ ಕೀಟ ಬಂದು ನಿಂತಿದ್ದ ಸ್ಪ್ರೂಸ್ ಮರಗಳನ್ನೂ ಒಣಗಿಸಿತು ಎಂದು ಓದಿದ್ದೇನೆ. ಹಸಿರು ಕೊಂಬೆಗೆ ಕೈ ನಡುಗುವುದಾದರೆ ಸತ್ತ ಮರದಿಂದಲೇ ಶುರುಮಾಡಬಹುದೇನೋ. ಆದರೆ ಬಿದ್ದ ಮರದಲ್ಲಿಯೂ ಹುಳು, ಅಣಬೆಗಳ ಸಂಸಾರವಿರುತ್ತದೆ, ಹಾಗಾಗಿ ಅದನ್ನೂ ಪೂರ್ತಿ ಎತ್ತಿಕೊಳ್ಳಬೇಡ. ಕಟ್ಟುವುದಕ್ಕೆ ತಂತಿ, ನೈಲಾನ್ ದಾರ ಬೇಡ; ಕೃತಿ ಕೊಳೆತ ಮೇಲೂ ಅವು ನೆಲದಲ್ಲಿ ಉಳಿದು ಪ್ರಾಣಿಗಳ ಕಾಲಿಗೆ ತೊಡರುತ್ತವೆ. ಇದೆಲ್ಲ ನಿನಗೆ ಗೊತ್ತಿದ್ದದ್ದೇ ಇರಬಹುದು.

ಇನ್ನೊಂದು ಕೆಲಸ ಮಾಡು. ಆ ಕಾಡನ್ನು ನೋಡಿಕೊಳ್ಳುವವರ ಜೊತೆ ಒಂದು ಬೆಳಗ್ಗೆ ತಿರುಗಾಡಿ ಬಾ. ಯಾವ ಮರದ ಕೊಂಬೆಯನ್ನು ಯಾವ ತಿಂಗಳಲ್ಲಿ ಕಡಿಯುತ್ತಾರೆ, ಎಷ್ಟು ಬಿಡುತ್ತಾರೆ, ಕತ್ತಿಯ ಏಟು ಮೊದಲು ಎಲ್ಲಿಗೆ ಬೀಳುತ್ತದೆ ಎಂದು ಕೇಳು. ಅವರು ಹೇಳಿದ್ದನ್ನು, ಮರದ ಹೆಸರು ಸಹಿತ, ಚಿತ್ರ ಬರೆದು ನನಗೂ ಕಳಿಸು.

ಇಂತಿ,
ನಿನ್ನ ದೊಡ್ಡಪ್ಪ