ತಡವಾಗುತ್ತೆ ಅಂತಾದರೂ ಹೇಳಿ, ಸಾಹೇಬರೇ

ಮಹಾರಾಷ್ಟ್ರದ ಉನ್ನತ ಮತ್ತು ತಂತ್ರ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಮುಂಬೈಯ ಸೆಂಟ್ರಲ್ ಲೈನಿನ ಒಂದು ಉಪನಗರದಲ್ಲಿ, ಒಂದು ಕಾಲೇಜಿನ ಗೇಟಿನ ಎದುರಿಗೆ ನನ್ನ ಝೆರಾಕ್ಸ್ ಅಂಗಡಿ ಇದೆ. ಎಂಟು ಅಡಿ ಅಗಲ, ಹತ್ತು ಅಡಿ ಉದ್ದ. ಎರಡು ಮೆಷಿನ್, ಒಂದು ಕಂಪ್ಯೂಟರ್, ತಲೆಯ ಮೇಲೆ ಕಿರಗುಟ್ಟುವ ಒಂದು ಫ್ಯಾನ್. ಕಾಲೇಜಿನ ಹೆಸರು ಬರೆಯುವುದಿಲ್ಲ. ನಾಳೆ ಬೆಳಿಗ್ಗೆ ಅಲ್ಲಿನ ಪ್ಯೂನ್‌ಗೆ ಮುಖ ತೋರಿಸಬೇಕು, ಅಲ್ವಾ? ಅಲ್ಲದೆ ಇದು ಒಂದೇ ಕಾಲೇಜಿನ ಕತೆಯೂ ಅಲ್ಲ.

ಈ ಪತ್ರದ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ಸ್ಪೀಡ್ ಪೋಸ್ಟ್ ಮಾಡಿದ್ದೇನೆ. ಕನ್ನಡದಲ್ಲಿ ಬರೆದದ್ದು ನಮ್ಮವರು ಓದಲಿ ಅಂತ. ಹೋಟೆಲು, ಕ್ಯಾಂಟೀನು, ಸಣ್ಣಪುಟ್ಟ ಅಂಗಡಿ ಅಂತ ಈ ಊರಲ್ಲಿ ಬದುಕು ಕಟ್ಟಿಕೊಂಡ ನಮ್ಮ ಮನೆಗಳಲ್ಲೂ ಈಗ ಡಿಗ್ರಿ ಓದುವ ಮಕ್ಕಳಿದ್ದಾರೆ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ, ಪರೀಕ್ಷೆ ಯಾವತ್ತು, ರಿಸಲ್ಟ್ ಯಾವತ್ತು ಅಂತ ಯಾರೂ ಸರಿಯಾಗಿ ಹೇಳದೆ ಆ ಮನೆಗಳಲ್ಲಿ ಏನಾಗುತ್ತದೆ ಅಂತ ಅವರಿಗೆ ಗೊತ್ತು. ನಿಮಗೆ ಗೊತ್ತಾಗಲಿ.

ಮಾರ್ಚ್ ಕಳೆಯಿತೆಂದರೆ ನನ್ನ ಅಂಗಡಿಯೇ ಕಾಲೇಜಿನ ನೋಟಿಸ್ ಬೋರ್ಡ್. ಪರೀಕ್ಷೆ ಟೈಮ್‌ಟೇಬಲ್, ಹಾಲ್ ಟಿಕೆಟ್, ಎಟಿಕೆಟಿ (ಫೇಲಾದ ವಿಷಯ ಮತ್ತೆ ಬರೆಯುವ) ಫಾರಂ ತುಂಬುವ ಕೊನೆ ದಿನ, ಲೈಬ್ರರಿ ಪುಸ್ತಕ ವಾಪಸ್ ಕೊಡುವುದು, ಹಾಸ್ಟೆಲ್ ಖಾಲಿ ಮಾಡುವುದು, ಎಲ್ಲವೂ ಇಲ್ಲಿ ಪ್ರಿಂಟ್ ಆಗುತ್ತದೆ. ಕಾಲೇಜಿನೊಳಗೆ ನಿಜವಾದ ನೋಟಿಸ್ ಬೋರ್ಡ್ ಇಲ್ಲವೆಂದಲ್ಲ. ಗಾಜಿನ ಬಾಗಿಲು, ಅದಕ್ಕೊಂದು ಬೀಗ. ಕೀಲಿ ಒಬ್ಬರ ಹತ್ತಿರ ಮಾತ್ರ. ಅವರು ರಜೆ ಹಾಕಿದರೆ ಹೊಸ ನೋಟಿಸನ್ನು ಗಾಜಿನ ಹೊರಗೆ ಸೆಲೋಟೇಪ್ ಹಚ್ಚಿ ಅಂಟಿಸುತ್ತಾರೆ. ಒಳಗೆ ಹೋದ ವರ್ಷದ ಗ್ಯಾದರಿಂಗಿನ (ವಾರ್ಷಿಕೋತ್ಸವದ) ಬಹುಮಾನ ಪಟ್ಟಿ ಹಳದಿಯಾಗುತ್ತ ಕೂತಿರುತ್ತದೆ, ಹೊರಗೆ ನಾಳೆಯ ಪರೀಕ್ಷೆ ಗಾಳಿಗೆ ಹಾರಾಡುತ್ತಿರುತ್ತದೆ.

ಹೋದ ವರ್ಷ ಪರೀಕ್ಷೆಗೆ ಮೂರು ದಿನ ಇರುವಾಗ ಒಬ್ಬ ಹುಡುಗ ಬಂದ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ನಮ್ಮೂರ ಕಡೆಯವರ ಹೋಟೆಲಿನಲ್ಲಿ ಗಲ್ಲಾ. ‘ಅಣ್ಣ, ಪೇಪರ್ ಮುಂದೆ ಹೋಯ್ತು. ಇದರದ್ದೊಂದು ಪ್ರಿಂಟ್ ಕೊಡಿ, ಸೇಟ್ರಿಗೆ ತೋರಿಸ್ಬೇಕು’ ಅಂದ. ಮೊಬೈಲಿನಲ್ಲಿ ಸುತ್ತೋಲೆ. ಲಾಂಛನ ಇದೆ, ಸಹಿ ಇದೆ, ಜಾವಕ್ ನಂಬರೂ (ಕಚೇರಿಯಿಂದ ಹೊರಟ ಕಾಗದದ ನಂಬರು) ಇದೆ. ಪ್ರಿಂಟ್ ತೆಗೆದೆ. ಕೈಗೆ ಕೊಡುವಾಗ ಕಣ್ಣು ತಾರೀಕಿನ ಮೇಲೆ ನಿಂತಿತು. 23 ಅಂತ ಇತ್ತು. ಆ 3 ಪಕ್ಕದ 2ಕ್ಕಿಂತ ಸ್ವಲ್ಪ ದಪ್ಪ. ಅದರ ಹಿಂದಿನ ಬಿಳಿಯೂ ಬೇರೆ ಬಿಳಿ. ಸ್ಕ್ಯಾನ್ ಮಾಡಿದ ಕಾಗದದ ಮೇಲೆ ಸಣ್ಣ ಸಣ್ಣ ಬೂದು ಚುಕ್ಕಿ ಇರುತ್ತವೆ. ಈ ಅಂಕಿಯ ಸುತ್ತ ಮಾತ್ರ ಒಂದು ಚುಕ್ಕಿಯೂ ಇಲ್ಲ, ಸುಣ್ಣ ಬಳಿದ ಹಾಗೆ. ಇಪ್ಪತ್ತು ವರ್ಷದಿಂದ ಬರೀ ಕಾಗದ ನೋಡಿದ ಕಣ್ಣು, ಹಾಗಾಗಿ ಗೊತ್ತಾಯಿತು.

‘ಇದು ಯಾರೋ ತಿದ್ದಿದ್ದು ಮಾರಾಯ’ ಅಂದೆ. ಅವನು ನಂಬಲಿಲ್ಲ. ವಿಶ್ವವಿದ್ಯಾಲಯದ ಸೈಟಿನಲ್ಲಿ ನೋಡೋಣ ಅಂತ ತೆರೆದೆವು. ಚಕ್ರ ತಿರುಗುತ್ತಲೇ ಇತ್ತು. ಕಾಲೇಜಿನ ಆಫೀಸಿಗೆ ಫೋನ್ ಮಾಡಿದೆವು, ಎಂಗೇಜ್. ಕೊನೆಗೆ ಅವನೇ ಒಳಗೆ ಹೋಗಿ ಕೇಳಿದ. ಕೌಂಟರಿನಲ್ಲಿದ್ದವರು ‘ಮಲಾ ಮಾಹೀತ್ ನಾಹಿ’, ನನಗೆ ಗೊತ್ತಿಲ್ಲ, ಅಂದರಂತೆ. ಅವರ ತಪ್ಪೇನೂ ಇಲ್ಲ. ಅವರಿಗೂ ಯಾರೂ ಹೇಳಿರಲಿಲ್ಲ.

ಹಳೇ ತಾರೀಕೇ ಖಾಯಂ ಅಂತ ಗೊತ್ತಾದದ್ದು ಮರುದಿನ ಸಂಜೆ. ನಡುವಿನ ಒಂದೂವರೆ ದಿನ ಹುಡುಗ ಪುಸ್ತಕ ಮುಟ್ಟಲಿಲ್ಲ. ಪರೀಕ್ಷೆ ಮುಂದೆ ಹೋಯಿತಲ್ಲ ಅಂತ ರಜೆ ವಾಪಸ್ ಕೊಟ್ಟು ಗಲ್ಲಾದಲ್ಲಿ ಕೂತುಬಿಟ್ಟಿದ್ದ. ಮತ್ತೆ ರಜೆ ಕೇಳಿದಾಗ ಸೇಟ್ರು, ‘ನಿನ್ನ ಕಾಲೇಜಿಗೆ ಒಂದು ಮಾತು ಅಂತ ಇಲ್ವಾ?’ ಅಂದರಂತೆ.

ಯಾರೋ ತಮಾಷೆಗೆ ಮಾಡಿದ್ದು, ಬೈಯೋಣ. ಆದರೆ ಮಕ್ಕಳು ಸುಳ್ಳು ಸುತ್ತೋಲೆಯನ್ನು ಯಾಕೆ ನಂಬುತ್ತಾರೆ? ನಿಜವಾದದ್ದೂ ಹಾಗೇ ಬರುತ್ತದೆ, ಅದಕ್ಕೆ. ರಾತ್ರಿ ಹತ್ತರ ಮೇಲೆ, ಯಾರೋ ಓರೆಯಾಗಿ ತೆಗೆದ ಫೋಟೊ, ಯಾವುದೋ ವಾಟ್ಸಾಪ್ ಗ್ರೂಪಿನಿಂದ ಇನ್ನೊಂದಕ್ಕೆ ಹಾರಿ. ಅಸಲಿಗೂ ನಕಲಿಗೂ ಬರುವ ದಾರಿ ಒಂದೇ ಆದರೆ ಮಕ್ಕಳು ಯಾವುದನ್ನು ಹಿಡಿಯಬೇಕು?

ಇನ್ನು ಊರಿಗೆ ಹೋಗುವ ವಿಷಯ. ಇದು ನಿಮಗೆ ಸಣ್ಣದಾಗಿ ಕಾಣಬಹುದು. ನಮಗೆ ಸಣ್ಣದಲ್ಲ. ನಾನು ಕಾರ್ಕಳದ ಕಡೆಯವನು. ನಮ್ಮಲ್ಲಿ ಮೇ ತಿಂಗಳೆಂದರೆ ಮದುವೆ, ಗೃಹಪ್ರವೇಶ, ಕೋಲ. ಮೇ ಕೊನೆಯ ವಾರಕ್ಕೆ ಪತ್ತನಾಜೆ ಬರುತ್ತದೆ. ಅದು ಕಳೆದರೆ ಕೋಲವೂ ಇಲ್ಲ, ಮೇಳದ ಯಕ್ಷಗಾನ ಆಟವೂ ಇಲ್ಲ, ಆಮೇಲೆ ಮಳೆ. ವರ್ಷಕ್ಕೊಮ್ಮೆ ಅಜ್ಜಿಯ ಮುಖ ನೋಡುವುದಿದ್ದರೆ ಅದರೊಳಗೆ ಹೋಗಿ ಬರಬೇಕು.

ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಿಂದ ನಮ್ಮೂರ ಕಡೆಗೆ ಮತ್ಸ್ಯಗಂಧ ರೈಲು ಇದೆ. ಮೊದಲು 120 ದಿನ ಮುಂಚೆ ಬುಕ್ ಮಾಡಬಹುದಿತ್ತು. 2024ರ ನವೆಂಬರ್ 1ರಿಂದ ರೈಲ್ವೆಯವರು ಅದನ್ನು 60 ದಿನಕ್ಕೆ ಇಳಿಸಿದರು. ಒಳ್ಳೆಯದೇ ಆಯಿತು, ಇನ್ನು ನಮ್ಮ ಮಕ್ಕಳಿಗೂ ಲೆಕ್ಕ ಸಿಗುತ್ತದೆ ಅಂದುಕೊಂಡೆ. ಎಲ್ಲಿ ಸಿಕ್ಕಿತು? ಮೇ 10ಕ್ಕೆ ಹೊರಡಬೇಕೆಂದರೆ ಮಾರ್ಚ್ 11ರ ಬೆಳಿಗ್ಗೆ 8ಕ್ಕೆ ಕೂತು ಬುಕ್ ಮಾಡಬೇಕು. ಮಾರ್ಚ್ 11ಕ್ಕೆ ಇವರ ಕೊನೆಯ ಪೇಪರ್ ಯಾವತ್ತು ಅಂತ ಬ್ರಹ್ಮನಿಗೂ ಗೊತ್ತಿರುವುದಿಲ್ಲ. ಟೈಮ್‌ಟೇಬಲ್ ಬರುವಷ್ಟರಲ್ಲಿ ಸ್ಲೀಪರಿನ ವೇಟಿಂಗ್ ಲಿಸ್ಟೂ ಉದ್ದಕ್ಕೆ ಬೆಳೆದಿರುತ್ತದೆ. ಆಮೇಲೆ ಉಳಿಯುವುದು ತತ್ಕಾಲ್, ಇಲ್ಲವಾದರೆ ಬಸ್ಸು. ಮೇ ತಿಂಗಳಲ್ಲಿ ಬಸ್ಸಿನವರು ಕೇಳಿದ್ದೇ ರೇಟು. ನೂರಾರು ಮೈಲಿ ದೂರ ಹೋಗುವ ರೈಲಿಗೆ ಅರವತ್ತು ದಿನ ಮುಂಚೆ ಹೊರಡುವ ಗಂಟೆ, ನಿಮಿಷ ಗೊತ್ತಿರುತ್ತದೆ. ಗೇಟಿನೊಳಗೆ ನಡೆಯುವ ಪರೀಕ್ಷೆಗೆ ತಾರೀಕು ಗೊತ್ತಿರುವುದಿಲ್ಲ.

ಕಾನೂನು ಇಲ್ಲ ಅಂತಲ್ಲ. ಲಾ ಓದುವ ಒಬ್ಬ ಹುಡುಗಿ ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಯ್ದೆ, 2016ನ್ನು ಪ್ರಿಂಟ್ ತೆಗೆಸಲು ತಂದಿದ್ದಳು. ದಪ್ಪ ಕಟ್ಟು. ಮಳೆಗಾಲದ ಒಂದು ಮಧ್ಯಾಹ್ನ ಗಿರಾಕಿ ಇಲ್ಲದಾಗ ನಾನೂ ತಿರುವಿ ಹಾಕಿದೆ. ವರ್ಷ ಶುರುವಾಗುವಾಗಲೇ ಪರೀಕ್ಷೆಗಳ ವೇಳಾಪಟ್ಟಿ ಪ್ರಕಟಿಸಬೇಕು, ಅದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು ಅಂತಿದೆ. ಕೊನೆಯ ಪೇಪರ್ ಮುಗಿದು 30 ದಿನದೊಳಗೆ ರಿಸಲ್ಟ್ ಕೊಡಲು ಪ್ರಯತ್ನಿಸಬೇಕು, ಏನೇ ಆದರೂ 45 ದಿನ ಮೀರಬಾರದು ಅಂತಿದೆ. ಮೀರಿದರೆ? ಯಾಕೆ ಮೀರಿತು ಅಂತ ವಿಶ್ವವಿದ್ಯಾಲಯ ವಿವರವಾದ ವರದಿ ಬರೆದು ರಾಜ್ಯಪಾಲರಿಗೂ ನಿಮ್ಮ ಸರ್ಕಾರಕ್ಕೂ ಕೊಡಬೇಕು.

ಇದನ್ನು ಓದಿದ ದಿನ ನನಗೆ ಒಂದು ಕ್ಷಣ ಕೈ ನಿಂತುಹೋಯಿತು. ಅಂದರೆ ತಡವಾದಾಗಲೆಲ್ಲ ಕಾರಣ ಬರೆದ ಕಾಗದವೊಂದು ಹುಟ್ಟಬೇಕು. ಅದು ನಿಮ್ಮ ಇಲಾಖೆಗೆ ಬರಬೇಕು. ರಿಸಲ್ಟಿಗೆ ಕಾದು ಕೂತ ಹುಡುಗನ ಕೈಗೆ ಮಾತ್ರ ಅದು ಬರುವುದಿಲ್ಲ. ನನ್ನ ಅಂಗಡಿಯಲ್ಲಿ ಇಷ್ಟು ವರ್ಷದಲ್ಲಿ ಲಕ್ಷಗಟ್ಟಲೆ ಕಾಗದ ಪ್ರಿಂಟ್ ಆಗಿದೆ, ಅಂಥದ್ದೊಂದನ್ನು ಪ್ರಿಂಟ್ ಮಾಡಿ ಅಂತ ಯಾರೂ ತಂದಿಲ್ಲ.

2017ರಲ್ಲಿ ಮುಂಬೈ ವಿಶ್ವವಿದ್ಯಾಲಯದಲ್ಲಿ ಆದದ್ದು ಎಲ್ಲ ಪೇಪರುಗಳಲ್ಲೂ ಬಂದಿದೆ. ಉತ್ತರಪತ್ರಿಕೆ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ತಿದ್ದುವ ಪದ್ಧತಿಯನ್ನು ಅವಸರದಲ್ಲಿ ತಂದರು. ಜುಲೈ 31ರೊಳಗೆ ರಿಸಲ್ಟ್ ಕೊಡಿ ಅಂತ ರಾಜ್ಯಪಾಲರೇ ಗಡುವು ಹಾಕಿದರು. ಅದೂ ದಾಟಿತು. ಅಕ್ಟೋಬರಿನಲ್ಲಿ ಕುಲಗುರುಗಳನ್ನೇ ಹುದ್ದೆಯಿಂದ ತೆಗೆದರು. (ನಮ್ಮವರಿಗೆ ಒಂದು ಮಾತು: ನಾನು ಊರಲ್ಲಿದ್ದಾಗ ಕುಲಪತಿ ಅಂದರೆ ವೈಸ್ ಚಾನ್ಸೆಲರ್. ಇಲ್ಲಿ ಅವರು ಕುಲಗುರು, ಕುಲಪತಿ ಅಂದರೆ ರಾಜ್ಯಪಾಲರು. ಸುತ್ತೋಲೆ ಓದುವಾಗ ನನಗೆ ಈಗಲೂ ಗಲಿಬಿಲಿ.) ಆ ವರ್ಷ ತಡವಾದದ್ದಕ್ಕಿಂತ ಮಕ್ಕಳನ್ನು ಜಾಸ್ತಿ ಸುಸ್ತು ಮಾಡಿದ್ದು ಒಂದಾದ ಮೇಲೊಂದು ಬಂದು ಹೋದ ತಾರೀಕುಗಳು.

ಕಾರಣ ಹೇಳಿದರೆ ಜನ ಒಪ್ಪುತ್ತಾರೆ ಸಾಹೇಬರೇ. 2024ರ ಜುಲೈ 8ರ ನಸುಕಿನಲ್ಲಿ ಮಳೆ ಹೊಡೆದು ಲೋಕಲ್ ನಿಂತಾಗ ಅಂದಿನ ಪರೀಕ್ಷೆ ಮುಂದೂಡಿದರು. ಯಾರಾದರೂ ಜಗಳಕ್ಕೆ ನಿಂತರಾ? ಹಳಿಯ ಮೇಲೆ ನೀರು ಎಲ್ಲರಿಗೂ ಕಾಣುತ್ತಿತ್ತು. ಉತ್ತರಪತ್ರಿಕೆ ತಿದ್ದುವವರು ಸಾಕಾಗದೆ ಇರುವುದು, ಕಾಲೇಜು ಇಂಟರ್ನಲ್ ಮಾರ್ಕ್ಸ್ ಕಳಿಸದೆ ಇರುವುದು, ಇವು ಕಾಣುವುದಿಲ್ಲ. ಕಾಣದ್ದನ್ನು ಹೇಳಬೇಕು.

ನಿಜ ಹೇಳಬೇಕೆಂದರೆ ಈ ಗೊಂದಲದಿಂದ ನನಗೆ ಲಾಭವೇ. ತಾರೀಕು ಬದಲಾದ ಹಾಗೆಲ್ಲ ಟೈಮ್‌ಟೇಬಲ್ ಮತ್ತೆ ಪ್ರಿಂಟ್, ಹಾಲ್ ಟಿಕೆಟಿನಲ್ಲಿ ಹೆಸರು ತಪ್ಪಿದ್ದರೆ ಅರ್ಜಿ, ಅರ್ಜಿಗೆ ಎರಡು ಝೆರಾಕ್ಸ್. ನನ್ನ ಹೆಂಡತಿ, ‘ನಿಮ್ಮ ಹೊಟ್ಟೆ ಮೇಲೆ ನೀವೇ ಕಲ್ಲು ಹಾಕ್ಕೊಳ್ತಿದ್ದೀರಿ’ ಅಂತ ಇದನ್ನು ಓದಿ ನಕ್ಕಳು. ಇರಲಿ.

ನಾನು ದೊಡ್ಡದೇನೂ ಕೇಳುತ್ತಿಲ್ಲ. ಕಾಯ್ದೆಯಲ್ಲಿ ಬರೆದಿರುವ ಆ ವೇಳಾಪಟ್ಟಿ ಇದೆಯಲ್ಲ, ಅದರಲ್ಲಿ ‘ಏಪ್ರಿಲ್ ಎರಡನೇ ವಾರ’ ಅಂತ ಅಂದಾಜಿನ ಮಾತು ಬೇಡ, ಮೊದಲ ಪೇಪರಿನ ಮತ್ತು ಕೊನೆಯ ಪೇಪರಿನ ತಾರೀಕು ಹಾಕಿಸಿ. ಬದಲಾದರೆ ಬದಲಾಗಲಿ. ಆದರೆ ಬದಲಾದ ಪ್ರತಿ ಸುತ್ತೋಲೆಗೂ ಒಂದು ಕ್ಯೂಆರ್ ಕೋಡ್ ಇರಲಿ. ಮೊಬೈಲ್ ಹಿಡಿದರೆ ನೇರ ವಿಶ್ವವಿದ್ಯಾಲಯದ ಸೈಟಿನಲ್ಲಿರುವ ಅಸಲಿ ಕಾಗದವೇ ತೆರೆಯಬೇಕು. ಭಾಜಿಪಾವ್ ಗಾಡಿಯಲ್ಲಿ ಕ್ಯೂಆರ್ ಇದೆ, ಸುತ್ತೋಲೆಯಲ್ಲಿ ಇಡುವುದು ಕಷ್ಟವೇ?

ಇದಕ್ಕಿಂತ ಮುಖ್ಯವಾದದ್ದು 30ನೇ ದಿನ. ರಿಸಲ್ಟ್ ಬಂದಿಲ್ಲವಾದರೆ ಅವತ್ತೇ ಒಂದು ನೋಟಿಸ್ ಬರಲಿ. ಯಾವ ವಿಷಯದ ಪತ್ರಿಕೆ ತಿದ್ದುವುದು ಬಾಕಿ, ಎಷ್ಟು ಬಾಕಿ, ಮುಂದಿನ ಸುದ್ದಿ ಯಾವತ್ತು. ಮೂರು ಸಾಲು ಸಾಕು, ಸಾದಾ ಮರಾಠಿಯಲ್ಲಿ, ಮನೆಯಲ್ಲಿ ಅಪ್ಪ ಅಮ್ಮ ಓದಿದರೂ ತಿಳಿಯುವ ಹಾಗೆ. ‘ಲವಕರಚ್’ ಅನ್ನುವ ಪದ ಮಾತ್ರ ಬೇಡ. ಶೀಘ್ರದಲ್ಲೇ ಅನ್ನುವುದು ತಾರೀಕಲ್ಲ. 45 ದಿನ ದಾಟಿದರೆ ನಿಮಗೆ ಬರುವ ಆ ವರದಿಯನ್ನೂ ಸೈಟಿನಲ್ಲಿ ಹಾಕಿಸಿ.

ಯಾಕೆ ಇಷ್ಟು ಹಟ ಅಂತ ಕೇಳಬಹುದು. ಮುಂಬೈ ವಿಶ್ವವಿದ್ಯಾಲಯದಲ್ಲಿ 1978ರಿಂದ ಕನ್ನಡ ವಿಭಾಗ ಇದೆ, ಕಲೀನಾ ಕ್ಯಾಂಪಸ್ಸಿನಲ್ಲಿ. ಎಂ.ಎ. ಮಾಡಬಹುದು, ಪಿಎಚ್‌ಡಿ ಮಾಡಬಹುದು. ನಮ್ಮ ಎಷ್ಟೋ ಮಕ್ಕಳಿಗೆ ಇದು ಗೊತ್ತೇ ಇಲ್ಲ. ಹಾಗಾಗಿ ಅಂಗಡಿಯ ಗೋಡೆಗೆ ನಾನೇ ಒಂದು ಚೀಟಿ ಅಂಟಿಸಿದ್ದೇನೆ. ಅದನ್ನು ನೋಡಿ ಒಬ್ಬ ಹುಡುಗಿ ಸೇರುತ್ತೇನೆ ಅಂದಳು. ಮನೆಯಲ್ಲಿ ಅಮ್ಮ ಊಟದ ಡಬ್ಬಕ್ಕೆ ಅಡುಗೆ ಮಾಡುತ್ತಾರೆ, ಇವಳು ಬಿಡುವಿದ್ದಾಗ ಯಕ್ಷಗಾನದ ಪ್ರಸಂಗ ಓದುತ್ತಾಳೆ. ಡಿಗ್ರಿಯ ಕೊನೇ ಸೆಮಿಸ್ಟರಿನ ರಿಸಲ್ಟಿನಲ್ಲಿ ಇವಳದ್ದು ರಿಸರ್ವ್, ಅಂದರೆ ತಡೆಹಿಡಿದಿದೆ, ಅಂತ ಬಂತು. ಯಾಕೆ ರಿಸರ್ವ್ ಅಂತ ತಿಳಿಯಲು ನಾಲ್ಕು ಸಲ ಕೌಂಟರಿಗೆ ಅಲೆದಳು. ಕಾಲೇಜಿನಿಂದ ಒಂದು ವಿಷಯದ ಇಂಟರ್ನಲ್ ಮಾರ್ಕ್ಸ್ ಹೋಗಿರಲಿಲ್ಲ, ಅಷ್ಟೇ. ಅದು ಸರಿಯಾಗುವಷ್ಟರಲ್ಲಿ ಅಡ್ಮಿಷನ್ ಮುಗಿದಿತ್ತು. ಅವಳು ಈಗ ಒಂದು ಕೊರಿಯರ್ ಆಫೀಸಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಮುಂದಿನ ವರ್ಷ ನೋಡುತ್ತೇನೆ ಮಾಮ, ಅನ್ನುತ್ತಾಳೆ. ನಾನು ಚೀಟಿ ತೆಗೆದಿಲ್ಲ.

ಒಂದು ವಿಷಯ ಕೊನೆಗೆ. ಪ್ರತಿ ಸೆಮಿಸ್ಟರಿನ ಟೈಮ್‌ಟೇಬಲ್ ಬಂದ ದಿನ ಒಂದು ಪ್ರತಿ ತೆಗೆದು, ಅದು ಯಾವತ್ತು ಬಂತು ಅಂತ ಮೂಲೆಯಲ್ಲಿ ಪೆನ್ನಿನಿಂದ ಬರೆದು ಫೈಲಿಗೆ ಹಾಕುತ್ತೇನೆ. ಎಷ್ಟು ಸಲ ಬದಲಾಯಿತು, ರಿಸಲ್ಟ್ ಯಾವತ್ತು ಬಂತು, ಅದೂ ಇದೆ. ಆರು ಸೆಮಿಸ್ಟರಿನದ್ದು ಆಗಿದೆ. ನಿಮ್ಮ ಇಲಾಖೆಯವರು ಯಾರಾದರೂ ಈ ಕಡೆ ಬಂದರೆ ತೋರಿಸುತ್ತೇನೆ. ಬೆಳಿಗ್ಗೆ ಎಂಟರಿಂದ ರಾತ್ರಿ ಒಂಬತ್ತರವರೆಗೆ ಅಂಗಡಿ ತೆರೆದಿರುತ್ತದೆ, ಭಾನುವಾರ ಮಧ್ಯಾಹ್ನದವರೆಗೆ. ಪ್ರತಿ ಬೇಕಿದ್ದರೆ ದುಡ್ಡು ಬೇಡ.

ಇಂತಿ,
ಕಾಲೇಜು ಗೇಟಿನ ಎದುರಿನ ಝೆರಾಕ್ಸ್ ಅಂಗಡಿಯವನು