ಠಾಣೆಯಲ್ಲಿ ಎನ್‌ಸಿ (ಎಫ್‌ಐಆರ್ ಆಗದ ದೂರು) ಮಾಡಿಸಿ ಮನೆಗೆ ಹೋದವರ ಕೇಸು ಏನಾಗುತ್ತದೆ?

ಮಾನ್ಯ ಸಂಪಾದಕರೇ,

ಹಳೆಯ ದೌರ್ಜನ್ಯದ ಬಗ್ಗೆ ಯಾರಾದರೂ ಬಾಯಿ ಬಿಟ್ಟರೆ ಸಾಕು, ಟೀವಿ ಚರ್ಚೆಯಿಂದ ಹಿಡಿದು ಟೀ ಅಂಗಡಿವರೆಗೂ ಬರುವ ಮೊದಲ ಮಾತು ಒಂದೇ. ‘ಇಷ್ಟು ವರ್ಷ ಏನ್ ಮಾಡ್ತಿದ್ರಂತೆ?’ ಕೇಳುವವರಿಗೆ ಅದು ಸುಮ್ನೆ ಒಂದು ಕುಹಕ. ಆದರೆ ಕೆಲವು ಅಪರಾಧಗಳ ಮಟ್ಟಿಗೆ ಕಾನೂನು ಕೂಡ ಇದೇ ಪ್ರಶ್ನೆ ಕೇಳುತ್ತದೆ, ಉತ್ತರ ಒಪ್ಪಿಗೆಯಾಗದಿದ್ದರೆ ಕೇಸನ್ನೇ ತೆಗೆದುಕೊಳ್ಳುವುದಿಲ್ಲ. ಯಾವುದಕ್ಕೆ ಕೇಳುತ್ತದೆ, ಯಾವುದಕ್ಕೆ ಕೇಳುವುದಿಲ್ಲ ಅನ್ನುವುದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ನಾನು ವಕೀಲನಲ್ಲ. ತಾಲೂಕು ಕೋರ್ಟಿನ ಎದುರು ಟೈಪಿಂಗ್, ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ವಕೀಲರು ಬರೆದುಕೊಟ್ಟ ದೂರು, ಅರ್ಜಿಗಳನ್ನು ಟೈಪ್ ಮಾಡುತ್ತಾ, ಅನುಮಾನ ಬಂದಿದ್ದನ್ನು ಅವರನ್ನೇ ಕೇಳುತ್ತಾ ಒಂದಿಷ್ಟು ತಿಳಿದುಕೊಂಡಿದ್ದೇನೆ. ಅಂಗಡಿಗೆ ಬರುವವರಲ್ಲಿ ಕೆಲವರು ಕೇಸು ಹಾಕಲು ಕಾನೂನು ಕೊಟ್ಟ ದಿನ ಮೀರಿದ ಮೇಲೆ ಬರುತ್ತಾರೆ. ಅದಕ್ಕೇ ಈ ಪತ್ರ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಕೊಲೆ, ಅತ್ಯಾಚಾರ, ದರೋಡೆ, ವರದಕ್ಷಿಣೆ ಸಾವು, ನಾವೆಲ್ಲ ‘ಫೋರ್ ಟ್ವೆಂಟಿ’ ಅನ್ನುವ ದೊಡ್ಡ ಮೋಸ, ಇವುಗಳಿಗೆ ನಮ್ಮ ದೇಶದಲ್ಲಿ ಕಾಲಮಿತಿ ಇಲ್ಲ. ಹತ್ತು ವರ್ಷವಾಗಲಿ, ಇಪ್ಪತ್ತಾಗಲಿ, ಕೇಸು ಹಾಕಬಹುದು. ಸಾಕ್ಷಿ ಸಿಗುತ್ತದೋ ಇಲ್ಲವೋ, ಕೋರ್ಟು ನಂಬುತ್ತದೋ ಇಲ್ಲವೋ, ಅದು ಬೇರೆ ಮಾತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯದಲ್ಲಿ, ಪೋಕ್ಸೊ ಕಾಯ್ದೆಯಡಿ ದೂರು ಕೊಡಲು ಕಾಲಮಿತಿ ಇಲ್ಲ ಎಂದು ಕೇಂದ್ರ ಕಾನೂನು ಸಚಿವಾಲಯ 2018ರಲ್ಲೇ ಹೇಳಿದೆ. ಹಾಗಾಗಿ ಇಂಥ ಪ್ರಕರಣಗಳಲ್ಲಿ ಠಾಣೆಯಲ್ಲಿ ಯಾರಾದರೂ ‘ತುಂಬ ಹಳೇದಾಯ್ತಮ್ಮ, ಈಗೇನೂ ಆಗಲ್ಲ’ ಅಂದರೆ ಅದನ್ನು ನಂಬಿ ವಾಪಸ್ ಬರಬೇಡಿ.

ಕಾಲಮಿತಿ ಇರುವುದು ಚಿಕ್ಕ ಅಪರಾಧಗಳಿಗೆ. ಮೊದಲು ಸಿಆರ್‌ಪಿಸಿಯ, ಅಂದರೆ ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅಂತ ಹೇಳುವ ಹಳೆಯ ಕಾನೂನಿನ, 468ನೇ ಸೆಕ್ಷನ್‌ನಲ್ಲಿ ಇದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 514ನೇ ಸೆಕ್ಷನ್ ಆಗಿದೆ. ಲೆಕ್ಕ ಸರಳ. ಬರೀ ದಂಡದ ಅಪರಾಧವಾದರೆ 6 ತಿಂಗಳು. ಒಂದು ವರ್ಷದವರೆಗೆ ಜೈಲು ಇರುವ ಅಪರಾಧವಾದರೆ 1 ವರ್ಷ. ಒಂದರಿಂದ ಮೂರು ವರ್ಷದವರೆಗೆ ಶಿಕ್ಷೆ ಇದ್ದರೆ 3 ವರ್ಷ. ಅದಕ್ಕಿಂತ ಹೆಚ್ಚು ಶಿಕ್ಷೆ ಇದ್ದರೆ ಮಿತಿಯೇ ಇಲ್ಲ. ಅಪರಾಧ ನಡೆದ ದಿನದಿಂದ ಎಣಿಕೆ ಶುರು. ಅಪರಾಧ ನಡೆದದ್ದೇ ಆಮೇಲೆ ಗೊತ್ತಾದರೆ ಅಥವಾ ಮಾಡಿದವರು ಯಾರು ಅಂತ ಆಮೇಲೆ ತಿಳಿದರೆ, ಆ ದಿನದಿಂದ. ಆರೋಪಿ ತಲೆಮರೆಸಿಕೊಂಡಿದ್ದರೆ, ವಿದೇಶದಲ್ಲಿದ್ದರೆ ಆ ಅವಧಿಯನ್ನು ಬಿಟ್ಟು ಎಣಿಸುತ್ತಾರೆ.

ಮಿತಿಯೇ ಇರಬಾರದು ಅಂತ ನಾನು ಹೇಳುತ್ತಿಲ್ಲ. ಹಳ್ಳಿಗಳಲ್ಲಿ ಏನಾಗುತ್ತದೆ ನಮಗೆ ಗೊತ್ತಿದೆ. ಪಂಚಾಯ್ತಿ ಎಲೆಕ್ಷನ್ ಬಂದ ಕೂಡಲೇ ಎಂಟು ವರ್ಷದ ಹಿಂದೆ ಬೇಲಿ ವಿಷಯಕ್ಕೆ ಕೈ ಮಿಲಾಯಿಸಿದ್ದು ನೆನಪಾಗುತ್ತದೆ. ಅಂಥ ಜಗಳಕ್ಕೆಲ್ಲ ಜೀವನಪೂರ್ತಿ ಕೇಸಿನ ಹೆದರಿಕೆ ಇರಬಾರದು. ಸಾಕ್ಷಿಗಳು ಮರೆಯುತ್ತಾರೆ, ಸಾಯುತ್ತಾರೆ. ಆಸ್ಪತ್ರೆಯ ಕಾಗದ ಕಳೆದುಹೋಗುತ್ತದೆ. ಆರೋಪ ಹೊತ್ತವನಿಗೂ ತಾನು ಆ ದಿನ ಎಲ್ಲಿದ್ದೆ ಅಂತ ತೋರಿಸಲು ಏನಾದರೂ ಉಳಿದಿರಬೇಕಲ್ವಾ. 1974ರ ಏಪ್ರಿಲ್‌ನಲ್ಲಿ ಹೊಸ ಸಿಆರ್‌ಪಿಸಿ ಜಾರಿಗೆ ಬರುವವರೆಗೂ ಇಂಥ ಸಾಮಾನ್ಯ ಕಾಲಮಿತಿ ನಮ್ಮ ಕ್ರಿಮಿನಲ್ ಕಾನೂನಿನಲ್ಲಿ ಇರಲಿಲ್ಲ. ತಂದದ್ದು ಒಳ್ಳೆಯದೇ ಆಯಿತು.

ನನ್ನ ತಕರಾರು ಅಳತೆಯ ಬಗ್ಗೆ. ಯಾರಿಗೆ ಎಷ್ಟು ನೋವಾಯಿತು, ದೂರು ಕೊಡಲು ಯಾಕೆ ತಡವಾಯಿತು, ಇದ್ಯಾವುದೂ ಈ ಲೆಕ್ಕದಲ್ಲಿ ಬರುವುದಿಲ್ಲ. ಆ ಅಪರಾಧಕ್ಕೆ ಕಾನೂನಿನಲ್ಲಿ ಬರೆದಿರುವ ಗರಿಷ್ಠ ಶಿಕ್ಷೆ ಎಷ್ಟು ಅನ್ನುವುದರ ಮೇಲೆಯೇ ಎಲ್ಲ ನಿಂತಿದೆ. ಆ ಸಂಖ್ಯೆ ಬದಲಾದರೆ ಕಾಲಮಿತಿಯೂ ತಾನಾಗಿ ಬದಲಾಗುತ್ತದೆ, ಅದರ ಬಗ್ಗೆ ಯಾರೂ ಚರ್ಚೆ ಮಾಡಿರುವುದಿಲ್ಲ.

ಉದಾಹರಣೆಗೆ ಅಪರಾಧ, ಶಿಕ್ಷೆಗಳ ಹಳೆಯ ಕಾನೂನಾದ ಐಪಿಸಿಯ 354, ಮಹಿಳೆಯ ಮಾನಕ್ಕೆ ಧಕ್ಕೆ ತರುವಂತೆ ಮೈಮೇಲೆ ಕೈ ಹಾಕುವುದು. ನಿರ್ಭಯಾ ಪ್ರಕರಣದ ನಂತರ 2013ರಲ್ಲಿ ಕಾನೂನು ತಿದ್ದುವ ತನಕ ಇದಕ್ಕೆ ಗರಿಷ್ಠ ಎರಡು ವರ್ಷ ಶಿಕ್ಷೆ ಇತ್ತು. ಅಂದರೆ ಮೂರು ವರ್ಷದ ಕಾಲಮಿತಿ. ತಿದ್ದುಪಡಿಯಲ್ಲಿ ಶಿಕ್ಷೆ ಐದು ವರ್ಷಕ್ಕೆ ಏರಿತು, ಕಾಲಮಿತಿ ಮಾಯವಾಯಿತು. ಒಳ್ಳೆಯದೇ. ಆದರೆ ಅದಕ್ಕೂ ಹಿಂದೆ ಇಂಥದ್ದು ಅನುಭವಿಸಿ, ಮನೆಯವರಿಗೆ ಹೇಳಲೂ ಧೈರ್ಯ ಬಾರದೆ, ವರ್ಷಗಳ ನಂತರ ಬಾಯಿ ಬಿಟ್ಟವರ ಪಾಡು? ಅವರಿಗೆ ಹಳೆಯ ಮೂರು ವರ್ಷದ ಗೋಡೆ ಅಡ್ಡ ಬರುತ್ತದೆ.

ಇನ್ನೊಂದು ಉದಾಹರಣೆ. ಅಜಾಗರೂಕತೆಯಿಂದ ಸಾವಿಗೆ ಕಾರಣವಾದರೆ ಹಳೆಯ 304ಎ ಪ್ರಕಾರ ಎರಡು ವರ್ಷ ಶಿಕ್ಷೆ ಇತ್ತು. ಈಗ ಐಪಿಸಿಯ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ 106(1)ರಲ್ಲಿ ಐದು ವರ್ಷ. ಹಾಗಾಗಿ ಕಾಲಮಿತಿ ಹೋಯಿತು. ಆದರೆ ಅದೇ ಸೆಕ್ಷನ್‌ನಲ್ಲಿ, ಚಿಕಿತ್ಸೆ ಕೊಡುವಾಗ ವೈದ್ಯರ ಅಜಾಗರೂಕತೆಯಿಂದ ಸಾವಾದರೆ ಎರಡೇ ವರ್ಷ ಅಂತ ಬೇರೆ ಮಾಡಿದ್ದಾರೆ. ವೈದ್ಯರಿಗೆ ಕಡಿಮೆ ಶಿಕ್ಷೆ ಇರಬೇಕೋ ಬೇಡವೋ ಅಂತ ಆಗ ಚರ್ಚೆ ನಡೆದದ್ದು ನೆನಪಿದೆ. ಆದರೆ ಅದರ ಜೊತೆಗೇ ಅವರ ಮೇಲಿನ ಕೇಸಿಗೆ ಮೂರು ವರ್ಷದ ಮಿತಿಯೂ ಉಳಿದುಕೊಂಡಿತು ಅನ್ನುವುದನ್ನು ಗಮನಿಸಿದವರು ಕಡಿಮೆ. ಆಸ್ಪತ್ರೆಯಲ್ಲಿ ಏನು ತಪ್ಪಾಯಿತು ಅಂತ ಸಾಮಾನ್ಯರಿಗೆ ತಿಳಿಯುವುದೇ ತಡವಾಗಿ. ಕೇಸ್ ಶೀಟ್ ಕೈಗೆ ಸಿಗಬೇಕು, ಅದನ್ನು ಓದಿ ಹೇಳುವ ಇನ್ನೊಬ್ಬ ಡಾಕ್ಟರ್ ಸಿಗಬೇಕು.

ಈಗ ನನಗೆ ಅತ್ಯಂತ ಬೇಸರ ತರುವ ವಿಷಯಕ್ಕೆ ಬರುತ್ತೇನೆ. ಲೈಂಗಿಕ ಕಿರುಕುಳ, ನ್ಯಾಯ ಸಂಹಿತೆಯ 75ನೇ ಸೆಕ್ಷನ್. ಬೇಡದ ದೈಹಿಕ ಸ್ಪರ್ಶ, ಲೈಂಗಿಕ ಬೇಡಿಕೆ, ಇಷ್ಟವಿಲ್ಲದಿದ್ದರೂ ಅಶ್ಲೀಲ ಚಿತ್ರ ತೋರಿಸುವುದು, ಇವಕ್ಕೆ ಮೂರು ವರ್ಷದವರೆಗೆ ಶಿಕ್ಷೆ. ಹಾಗಾಗಿ ಮೂರು ವರ್ಷದ ಮಿತಿ. ಅಶ್ಲೀಲವಾಗಿ ಮಾತಾಡುವುದಕ್ಕೆ ಒಂದು ವರ್ಷ ಶಿಕ್ಷೆ, ಒಂದೇ ವರ್ಷದ ಮಿತಿ. ಕೆಲಸದ ಜಾಗದ ಆಂತರಿಕ ಸಮಿತಿಗೆ ದೂರು ಕೊಡುವುದಾದರೆ 2013ರ ಕಾಯ್ದೆ ಪ್ರಕಾರ ಬರೀ ಮೂರು ತಿಂಗಳು, ಸಮಿತಿ ಒಪ್ಪಿದರೆ ಇನ್ನೊಂದು ಮೂರು ತಿಂಗಳು. ಕಿರುಕುಳ ಕೊಟ್ಟವನು ಸಾಮಾನ್ಯವಾಗಿ ಯಾರು? ಮೇಲಧಿಕಾರಿ, ಮೇಸ್ತ್ರಿ, ಮನೆಗೆಲಸಕ್ಕೆ ಹೋಗುವ ಮನೆಯ ಯಜಮಾನ, ಗಾರ್ಮೆಂಟ್ಸ್‌ನ ಸೂಪರ್‌ವೈಸರ್, ಪಿಎಚ್‌ಡಿ ಗೈಡು. ಅವನ ಕೈಕೆಳಗೆ ಇರುವಷ್ಟು ದಿನ ದೂರು ಕೊಡಲು ಆಗುವುದಿಲ್ಲ. ಕೆಲಸ ಬಿಟ್ಟು, ಬೇರೆ ಕಡೆ ಸೇರಿ, ಕಾಲ ಮೇಲೆ ನಿಂತ ಮೇಲೆ ಧೈರ್ಯ ಬರುತ್ತದೆ. ಅಷ್ಟೊತ್ತಿಗೆ ಮಿತಿ ಮುಗಿದಿರುತ್ತದೆ. ದೂರು ಕೊಡಲು ಹೆದರುವಂತೆ ಮಾಡಿದವನಿಗೇ ಆ ಹೆದರಿಕೆಯ ಲಾಭ.

ಪತ್ರಕರ್ತೆ ಪ್ರಿಯಾ ರಮಾಣಿ ಅವರ ಪ್ರಕರಣ ನೆನಪಿರಬಹುದು. 1993ರ ಘಟನೆಯ ಬಗ್ಗೆ 2018ರಲ್ಲಿ ಅವರು ಮಾತಾಡಿದರು, ಹಿಂದೆ ಸಂಪಾದಕರಾಗಿದ್ದ, ಆಗ ಕೇಂದ್ರ ಸಚಿವರಾಗಿದ್ದ ಎಂ.ಜೆ. ಅಕ್ಬರ್ ತಮ್ಮ ಮೇಲಿನ ಲೈಂಗಿಕ ಕಿರುಕುಳದ ಆರೋಪ ನಿರಾಕರಿಸಿ ಮಾನಹಾನಿ ಕೇಸು ಹಾಕಿದರು. 2021ರ ಫೆಬ್ರವರಿಯಲ್ಲಿ ದೆಹಲಿ ಕೋರ್ಟು ರಮಾಣಿ ಅವರನ್ನು ಖುಲಾಸೆ ಮಾಡಿ, ಮಹಿಳೆ ದಶಕಗಳ ನಂತರವೂ ತನ್ನ ದೂರನ್ನು ತನಗೆ ಬೇಕಾದ ವೇದಿಕೆಯಲ್ಲಿ ಹೇಳಿಕೊಳ್ಳಬಹುದು ಅಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ. ಆದರೆ ನೋಡಿ, ಅಲ್ಲಿ ಕೇಸು ಹಾಕಿದ್ದು ಆಕೆಯಲ್ಲ, ಆಕೆಯ ಮೇಲೆ ಹಾಕಿದ್ದು. ದಶಕದ ನಂತರ ಹೇಳಿಕೊಳ್ಳಬಹುದು, ಆದರೆ 75ನೇ ಸೆಕ್ಷನ್ ಅಡಿ ಕೇಸು ನಡೆಸಬೇಕೆಂದರೆ ಮೂರು ವರ್ಷದೊಳಗೆ ಬಾ ಅನ್ನುತ್ತದೆ ಕಾನೂನು.

ಹಾಗಾದರೆ ಕಾನೂನಿಗೆ ವಿನಾಯಿತಿ ಕೊಡುವುದು ಗೊತ್ತೇ ಇಲ್ಲವಾ? ಚೆನ್ನಾಗಿ ಗೊತ್ತಿದೆ. 1974ರಲ್ಲಿ, ಕಾಲಮಿತಿ ಬಂದ ಅದೇ ವರ್ಷ, ಸರ್ಕಾರ ಇನ್ನೊಂದು ಪುಟ್ಟ ಕಾಯ್ದೆ ಮಾಡಿತು. ಆದಾಯ ತೆರಿಗೆ, ಕಸ್ಟಮ್ಸ್, ಎಕ್ಸೈಸ್ ಮುಂತಾದ ಆರ್ಥಿಕ ಅಪರಾಧಗಳಿಗೆ ಈ ಕಾಲಮಿತಿ ಅನ್ವಯಿಸುವುದಿಲ್ಲ ಅಂತ. ತನ್ನ ಖಜಾನೆಗೆ ಬರಬೇಕಾದ ದುಡ್ಡಿನ ವಿಷಯದಲ್ಲಿ ಸರ್ಕಾರಕ್ಕೆ ‘ಇಷ್ಟು ದಿನ ಏನ್ ಮಾಡ್ತಿದ್ರಿ’ ಅಂತ ಯಾರೂ ಕೇಳುವ ಹಾಗಿಲ್ಲ. ಗಾರ್ಮೆಂಟ್ಸ್ ಹುಡುಗಿಯನ್ನು ಕೇಳಬಹುದು.

ಕಾನೂನಿನಲ್ಲಿ ಒಂದು ಕಿಟಕಿ ಇದೆ, ಅದನ್ನೂ ಹೇಳಬೇಕು. ಹಿಂದಿನ ಸಿಆರ್‌ಪಿಸಿಯ 473, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 519ನೇ ಸೆಕ್ಷನ್. ತಡವಾದದ್ದಕ್ಕೆ ಸರಿಯಾದ ಕಾರಣ ಕೊಟ್ಟಿದ್ದಾರೆ ಅನ್ನಿಸಿದರೆ, ಅಥವಾ ನ್ಯಾಯದ ಹಿತದೃಷ್ಟಿಯಿಂದ ಅಗತ್ಯ ಅನ್ನಿಸಿದರೆ, ಅವಧಿ ಮೀರಿದ ಕೇಸನ್ನೂ ಕೋರ್ಟು ತೆಗೆದುಕೊಳ್ಳಬಹುದು. ಆದರೆ ಇದು ಕೋರ್ಟಿನ ವಿವೇಚನೆ. ಹೆದರಿಕೆ ಇತ್ತು, ಮನೆಯ ಮರ್ಯಾದೆ ಪ್ರಶ್ನೆ ಇತ್ತು ಅನ್ನುವುದನ್ನು ಒಬ್ಬರು ಒಪ್ಪಬಹುದು, ಇನ್ನೊಬ್ಬರು ಒಪ್ಪದೇ ಇರಬಹುದು. ಹೀಗಾಗಿ ಕೆಲವರು ಬೇರೆ ದಾರಿ ಹಿಡಿಯುತ್ತಾರೆ. ಹಲವು ಅಪರಾಧಗಳನ್ನು ಒಟ್ಟಿಗೆ ವಿಚಾರಣೆ ಮಾಡುವಾಗ ದೊಡ್ಡ ಶಿಕ್ಷೆಯ ಅಪರಾಧ ನೋಡಿ ಕಾಲಮಿತಿ ಲೆಕ್ಕ ಹಾಕುತ್ತಾರೆ. ಅದಕ್ಕೆ ದೂರಿನಲ್ಲಿ ಒಂದು ದೊಡ್ಡ ಸೆಕ್ಷನ್ ಸೇರಿಸಿಬಿಡುವುದು. ಮುಂದೆ ಆ ದೊಡ್ಡ ಸೆಕ್ಷನ್ ನಿಲ್ಲದೆ ಬಿದ್ದರೆ, ನಿಜವಾಗಿ ನಡೆದ ಅಪರಾಧಕ್ಕೂ ಮತ್ತೆ ಅವಧಿಯ ತಕರಾರು ಏಳುತ್ತದೆ. ನಿಜ ಹೇಳಲು ಬಂದವರನ್ನು ಉಪ್ಪು ಖಾರ ಹಚ್ಚಿ ಹೇಳುವಂತೆ ಮಾಡುವ ವ್ಯವಸ್ಥೆ ಇದು.

ಇನ್ನು ತಲೆಬರಹದಲ್ಲಿ ಕೇಳಿದ ಪ್ರಶ್ನೆ. ಕಾಲಮಿತಿಯನ್ನು ಯಾವ ದಿನದವರೆಗೆ ಎಣಿಸಬೇಕು? ದೂರು ಕೊಟ್ಟ ದಿನವಾ, ಕೋರ್ಟು ಅದನ್ನು ವಿಚಾರಣೆಗೆ ಎತ್ತಿಕೊಂಡ ದಿನವಾ? ಸುಪ್ರೀಂ ಕೋರ್ಟಿನ ತೀರ್ಪುಗಳೇ ಬೇರೆ ಬೇರೆ ಇದ್ದವು. 2013ರ ನವೆಂಬರ್‌ನಲ್ಲಿ ಸಾರಾ ಮ್ಯಾಥ್ಯೂ ಪ್ರಕರಣದಲ್ಲಿ ಐದು ನ್ಯಾಯಮೂರ್ತಿಗಳ ಪೀಠ, ದೂರು ಸಲ್ಲಿಸಿದ ದಿನವೇ ಲೆಕ್ಕ, ಕೋರ್ಟು ತಡ ಮಾಡಿದರೆ ದೂರುದಾರ ಅದಕ್ಕೆ ಹೊಣೆಯಲ್ಲ ಅಂತ ತೀರ್ಮಾನ ಮಾಡಿತು. ಹೊಸ ಸಂಹಿತೆ ಇದನ್ನು ಇನ್ನೂ ಬಿಡಿಸಿ, 514ನೇ ಸೆಕ್ಷನ್ ಕೆಳಗೆ ಒಂದು ವಿವರಣೆ ಹಾಕಿದೆ. 223ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟರಿಗೆ ದೂರು ಸಲ್ಲಿಸಿದ ದಿನ, ಅಥವಾ 173ನೇ ಸೆಕ್ಷನ್ ಪ್ರಕಾರ ಠಾಣೆಯಲ್ಲಿ ಮಾಹಿತಿ ದಾಖಲಾದ ದಿನ. 173 ಅಂದರೆ ಎಫ್‌ಐಆರ್. ಎಫ್‌ಐಆರ್ ಆದರೆ ನೀವು ಬಚಾವು, ಚಾರ್ಜ್‌ಶೀಟ್ ಯಾವಾಗ ಹಾಕಿದರೂ ನಡೆಯುತ್ತದೆ.

ಎಡವಟ್ಟು ಇಲ್ಲೇ ಇದೆ. ಕೈಯಿಂದ ಹೊಡೆದು ಸಾಮಾನ್ಯ ಗಾಯ ಮಾಡುವುದು, ಮಾನಹಾನಿ, ಇಂಥವು ಅಸಂಜ್ಞೇಯ (ನಾನ್-ಕಾಗ್ನಿಜಬಲ್, ಅಂದರೆ ಎನ್‌ಸಿ) ಅಪರಾಧಗಳು, ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಇವಕ್ಕೆ ಎಫ್‌ಐಆರ್ ಆಗುವುದಿಲ್ಲ. ಠಾಣೆಯಲ್ಲಿ ಎನ್‌ಸಿ ಅಂತ ಬರೆದುಕೊಂಡು ಹಿಂಬರಹ ಕೊಟ್ಟು ಕಳಿಸುತ್ತಾರೆ. ಅದು 174ನೇ ಸೆಕ್ಷನ್. ಕಾಲಮಿತಿಯ ವಿವರಣೆಯಲ್ಲಿ 174 ಇಲ್ಲ! ಮ್ಯಾಜಿಸ್ಟ್ರೇಟರ ಬಳಿ ಹೋಗಿ ಅಂತ ಹೇಳಿ ಕಳಿಸಬೇಕು ಅಂತಲೂ ಅದೇ ಸೆಕ್ಷನ್ ಹೇಳುತ್ತದೆ. ಹೇಳಿದರೂ ಜನಕ್ಕೆ ಅದು ತಲೆಗೆ ಹೋಗುವುದಿಲ್ಲ. ಸೀಲು, ಸಹಿ ಇರುವ ಕಾಗದ ಕೈಗೆ ಬಂತು, ಪೊಲೀಸ್ ಕಂಪ್ಲೇಂಟ್ ಆಯ್ತು, ಅಂತ ಮನೆಗೆ ಹೋಗುತ್ತಾರೆ. ಸಾಮಾನ್ಯ ಗಾಯಕ್ಕೆ ಇರುವುದು ಒಂದೇ ವರ್ಷದ ಶಿಕ್ಷೆ, ಒಂದೇ ವರ್ಷದ ಮಿತಿ. ನನ್ನ ಅಂಗಡಿಗೆ ಬಂದ ಒಬ್ಬ ಅಮ್ಮ ಹಿಂಬರಹಕ್ಕೆ ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡಿದ್ದರು. ಭಾವಮೈದ ಹೊಡೆದು ವರ್ಷ ದಾಟಿತ್ತು. ‘ಕೇಸು ನಡೀತಾ ಇದೆಯಲ್ಲಪ್ಪ, ಮುಂದಿನ ತಾರೀಖು ಯಾವಾಗ ಅಂತ ನೋಡ್ಕೊಡು’ ಅಂದರು. ಯಾವ ಕೋರ್ಟಿನಲ್ಲೂ ಕೇಸೇ ಇರಲಿಲ್ಲ. ಮೊದಲೇ ಒಂದು ಪಿಸಿಆರ್ ಹಾಕಿದ್ದರೆ, ಅಂದರೆ ವಕೀಲರ ಮೂಲಕ ನೇರವಾಗಿ ಮ್ಯಾಜಿಸ್ಟ್ರೇಟರಿಗೆ ಖಾಸಗಿ ದೂರು ಕೊಟ್ಟಿದ್ದರೆ, ಉಳಿಯುತ್ತಿತ್ತು.

ಚೆಕ್ ಬೌನ್ಸ್ ವಿಷಯದಲ್ಲಿ ಎಲ್ಲರಿಗೂ ದಿನದ ಲೆಕ್ಕ ಬಾಯಿಪಾಠ. ಬ್ಯಾಂಕಿನಿಂದ ಚೆಕ್ ವಾಪಸ್ ಬಂದಿದ್ದು ತಿಳಿದ 30 ದಿನದೊಳಗೆ ನೋಟಿಸ್, ದುಡ್ಡು ಕೊಡಲು 15 ದಿನ, ಆಮೇಲೆ ಒಂದು ತಿಂಗಳೊಳಗೆ ಕೇಸು. ಸಾಲ ಕೊಟ್ಟವನಿಗೆ ಇದನ್ನು ಹೇಳಿಕೊಡುವವರು ನೂರು ಜನ ಇದ್ದಾರೆ. ಪೆಟ್ಟು ತಿಂದವರಿಗೆ ಯಾರೂ ಇಲ್ಲ.

75ನೇ ಸೆಕ್ಷನ್‌ನಂಥ ಅಪರಾಧಗಳನ್ನು 1974ರಲ್ಲಿ ತೆರಿಗೆಗೆ ಮಾಡಿದಂತೆ ಕಾಲಮಿತಿಯಿಂದ ಹೊರಗಿಡಬೇಕು, ಇಲ್ಲವೇ ಆರೋಪಿಯ ಕೈಕೆಳಗಿನ ಕೆಲಸ ಬಿಟ್ಟ ದಿನದಿಂದ ಎಣಿಕೆ ಶುರುವಾಗಬೇಕು. ಎನ್‌ಸಿ ದಾಖಲಾದ ದಿನವನ್ನೂ 514ರ ವಿವರಣೆಗೆ ಸೇರಿಸಬೇಕು. ಇವೆರಡೂ ಸಂಸತ್ತಿನ ಕೆಲಸ, ನಮ್ಮ ಸಂಸದರು ಕೇಳಬೇಕು. ಆದರೆ ನಮ್ಮ ಗೃಹ ಇಲಾಖೆ ನಾಳೆಯೇ ಮಾಡಬಹುದಾದ ಕೆಲಸವೂ ಒಂದಿದೆ, ಅದಕ್ಕೆ ಯಾವ ತಿದ್ದುಪಡಿಯೂ ಬೇಡ. ಠಾಣೆಯಲ್ಲಿ ಕೊಡುವ ಪ್ರತಿ ಹಿಂಬರಹದ ಕೆಳಗೆ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ಎರಡು ಸಾಲು: ‘ಇದು ಕೋರ್ಟ್ ಕೇಸು ಅಲ್ಲ. ಮುಂದುವರಿಸಬೇಕಿದ್ದರೆ ಈ ತಾರೀಖಿನೊಳಗೆ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಿ’ ಅಂತ ಬರೆದು, ತಾರೀಖು ತುಂಬಲು ಜಾಗ ಬಿಡಲಿ. ಬಡವರಿಗೆ ಉಚಿತವಾಗಿ ವಕೀಲರನ್ನು ಕೊಡುವ ತಾಲೂಕು ಕಾನೂನು ಸೇವಾ ಸಮಿತಿಯ ಫೋನ್ ನಂಬರನ್ನೂ ಅದರ ಪಕ್ಕದಲ್ಲೇ ಹಾಕಲಿ.

ಇಂತಿ,
ಟೈಪಿಂಗ್ ಅಂಗಡಿಯ ಒಬ್ಬ ಓದುಗ, ತುಮಕೂರು ಜಿಲ್ಲೆ